ಒಳಗೆ ನನ್ನ ಹೆಂಡತಿ ಇದ್ದಾಳೆ

3 ಏಪ್ರಿಲ್ 2025, ಗುರುವಾರ. ಸಿರ್ಸಿ

ಮಗಳು ಸಮೃದ್ಧಿ ಈ ಡೈರಿ ಕೈಗೆ ಕೊಟ್ಟು, "ಅಪ್ಪಾಜಿ, ನೇಪಾಳಕ್ಕ ಹೊಂಟೀವಿ. ದಿನಾ ನಾಕ್ ಸಾಲು ಬರೀರಿ, ಇಲ್ಲಾಂದ್ರ ಆಮ್ಯಾಲೆ ಒಂದೂ ನೆನಪು ಉಳಿಯೂದಿಲ್ಲ" ಎಂದಳು. ಪೆಂಡಾಲಿನ ಬುಕಿಂಗ್ ಬಿಟ್ಟರೆ ನಾನು ಬೇರೇನೂ ಬರೆದವನಲ್ಲ. ನೋಡೋಣ.

ಹೆಂಡತಿ ಜ್ಯೋತಿ ನರ್ಸ್ ಆಗಿರುವ ಕಣ್ಣಾಸ್ಪತ್ರೆಯಿಂದ ಒಂದು ತಂಡ ನೇಪಾಳದ ಗುಡ್ಡಗಾಡಿಗೆ ಹೋಗುತ್ತಿದೆ. ಅಲ್ಲಿ ಪೊರೆ ಬಂದ ಕಣ್ಣುಗಳಿಗೆ ಆಪರೇಷನ್ ಮಾಡುವ ಶಿಬಿರ. ಡಾಕ್ಟರ್ ಮಹೇಶ್ವರಿ ಈ ಸಲ ಒಂದು ಹೊಸ ಪದ್ಧತಿ ಮಾಡಿದ್ದಾರೆ: ಸಿಬ್ಬಂದಿ ತಮ್ಮ ಮನೆಮಂದಿಯನ್ನೂ ಕರೆತರಬಹುದು, ಆದರೆ ಬಂದವರು ಕೈಕಟ್ಟಿ ಕೂರುವ ಹಾಗಿಲ್ಲ, ಸೇವೆ ಮಾಡಬೇಕು. ಜ್ಯೋತಿ ಕೇಳಿದಾಗ ನಾನು ಒಪ್ಪಿಗೆ ಕೊಟ್ಟೆ. ಅಷ್ಟೇ ಅಲ್ಲ, ಮೂವರೂ ಹೋಗೋಣ ಎಂದೆ. ಹೆಂಡತಿ ಮಗಳನ್ನು ಕರೆದುಕೊಂಡು ಪರದೇಶಕ್ಕೆ ಸೇವೆಗೆ ಹೊರಟವನು ನಮ್ಮ ವರ್ತಕರ ಸಂಘದಲ್ಲಿ ಇನ್ನೊಬ್ಬನಿಲ್ಲ. ಇವತ್ತು ಅಂಗಡಿಗೆ ಬಂದವರಿಗೆಲ್ಲ ಚಹಾ ಕುಡಿಸಿ ಇದನ್ನೇ ಹೇಳಿದೆ.

ಅವ್ವನಿಗೆ ಮಾತ್ರ ಇದರಲ್ಲಿ ವಿಶೇಷ ಕಾಣಲಿಲ್ಲ. ನನ್ನ ಅವ್ವ ಮುರಿಗೆವ್ವನ ಬಾಯಿಗೆ ಬನವಾಸಿ ರಸ್ತೆಯ ನಮ್ಮ ಓಣಿ ಇಡೀ ಹೆದರುತ್ತದೆ. "ನೇಪಾಳ ಎಂಥಾ ಪರದೇಶೋ? ಪಶುಪತಿನಾಥ ನಮ್ಮಾಂವ ಅಲ್ಲೇನು? ಹೋಗಿ ಬರ್ರಿ" ಎಂದಳು.

ನನಗೆ ಅಲ್ಲಿ ವ್ಯವಸ್ಥೆಯ ಉಸ್ತುವಾರಿ ಇದ್ದೀತು. ಸಾವಿರ ಸಾವಿರ ಮಂದಿ ಉಣ್ಣುವ ಮದುವೆಗಳಿಗೆ ಚಪ್ಪರ ಹಾಕಿಸಿದವನಿಗೆ ಇನ್ನೇನು ಕೊಟ್ಟಾರು?

6 ಏಪ್ರಿಲ್, ರವಿವಾರ. ರೈಲಿನಲ್ಲಿ

ಸೆಕೆ. ರೊಟ್ಟಿ ಗಟ್ಟಿಯಾಗಿವೆ, ಶೇಂಗಾ ಚಟ್ನಿ ಇನ್ನೂ ಇದೆ. ಜ್ಯೋತಿ ದಾರಿಯುದ್ದಕ್ಕೂ ಸಾಮಾನಿನ ಪೆಟ್ಟಿಗೆಗಳ ಮೇಲೊಂದು ಕಣ್ಣಿಟ್ಟೇ ಕೂತಿದ್ದಾಳೆ. ಅವುಗಳಲ್ಲಿ ಆಪರೇಷನ್ನಿನ ಸಲಕರಣೆಗಳಿವೆ. ನಾನು ಒಂದು ಪೆಟ್ಟಿಗೆಯ ಮೇಲೆ ಕಾಲು ಚಾಚಿದ್ದಕ್ಕೆ, "ರೀ, ಕಾಲು!" ಎಂದು ಇಡೀ ಬೋಗಿ ತಿರುಗಿ ನೋಡುವಂತೆ ಗದರಿದಳು. ಮನೆಯಲ್ಲಿ ಅವಳದು ಈ ದನಿಯಲ್ಲ.

8 ಏಪ್ರಿಲ್, ಮಂಗಳವಾರ. ದೈಲೇಖ್ ಜಿಲ್ಲೆ, ನೇಪಾಳ

ಗಡಿ ದಾಟಿದ್ದು ಗೊತ್ತೇ ಆಗಲಿಲ್ಲ. ಗುಡ್ಡ ಹತ್ತತೊಡಗಿದಾಗ ಬೇರೆ ದೇಶಕ್ಕೆ ಬಂದೆವು ಅನ್ನಿಸಿತು. ನಮ್ಮ ದೇವಿಮನೆ ಘಟ್ಟ ಇದರ ಮುಂದೆ ಮನೆಯಂಗಳ. ಮಾಗೋಡಿನಲ್ಲಿ ಅಬ್ಬಿಯ ನೀರು ಬೀಳುವುದನ್ನು ನೋಡಲು ಬಗ್ಗಿದಾಗ ಅಂಗಾಲು ಝುಂ ಅನ್ನುತ್ತದಲ್ಲ, ಇಲ್ಲಿ ಜೀಪಿನಲ್ಲಿ ಕೂತಲ್ಲೇ ದಾರಿಯಿಡೀ ಹಾಗೆ. ನಮ್ಮ ತಂಡದಲ್ಲಿ ಕಣ್ಣು ಪರೀಕ್ಷಿಸುವ ಸುಭಾಷ್ ಯಲ್ಲಾಪುರದ ಕಡೆ ಉಮ್ಮಚಗಿಯವನು. ಪೂರಾ ಕಣ್ಣು ಮುಚ್ಚಿ ಕೂತಿದ್ದ. "ಎಂತ ನೋಡ್ತೀರಿ ಸದಾಶಿವಣ್ಣ, ಕೆಳಗೆ ನೋಡ್ಬೇಡಿ ಮಾರಾಯ್ರೆ" ಎಂದು ನನಗೇ ಬುದ್ಧಿ ಹೇಳಿದ.

ಗುಡ್ಡದ ನೆತ್ತಿಯ ಒಂದು ಶಾಲೆ ನಮ್ಮ ಶಿಬಿರ. ಊರವರು ಹಣೆಗೆ ಕೆಂಪು ಅಕ್ಷತೆ ಹಚ್ಚಿ, ಹೂವಿನ ಮಾಲೆ ಹಾಕಿ ಸ್ವಾಗತಿಸಿದರು. ಮೊದಲ ಮಾಲೆ ನನಗೇ ಬಿತ್ತು. ಮೀಸೆ ನೋಡಿ ನನ್ನನ್ನು ಡಾಕ್ಟರ್ ಅಂದುಕೊಂಡರಂತೆ. ಮಹೇಶ್ವರಿ ಮೇಡಂ ನಕ್ಕು ಸುಮ್ಮನಾದರು. ಮಾಲೆ ತೆಗೆಯಲು ನನಗೂ ಅವಸರವಿರಲಿಲ್ಲ.

ಅಂಗಳದಲ್ಲಿ ರೋಗಿಗಳು ಕೂರಲೆಂದು ಪ್ಲಾಸ್ಟಿಕ್ ತಾಡಪತ್ರಿ ಕಟ್ಟಿದ್ದಾರೆ. ಕಟ್ಟಿದ ರೀತಿ ಪೂರ್ತಿ ತಪ್ಪು.

9 ಏಪ್ರಿಲ್, ಬುಧವಾರ

ಬೆಳಿಗ್ಗೆ ಮೇಡಂ ಎಲ್ಲರಿಗೂ ಕೆಲಸ ಹಂಚಿದರು. ಸಮೃದ್ಧಿಗೆ ಹೆಸರು ಬರೆದು, ಆಪರೇಷನ್ ಆಗಬೇಕಾದ ಕಣ್ಣಿನ ಮೇಲುಗಡೆ ಪಟ್ಟಿ ಅಂಟಿಸುವ ಕೆಲಸ. ಆಮೇಲೆ ನನ್ನ ಕಡೆ ತಿರುಗಿದರು.

"ಸದಾಶಿವಣ್ಣ, ನೀವು ತೊಳಿಯೋ ಕಡೆ."

"ಪಾತ್ರೇನ್ರಿ ಮೇಡಂ?"

"ಅಲ್ಲ. ಕಾಲು. ಒಳಗೆ ಹೋಗೋ ಎಲ್ಲರ ಮುಖ, ಕೈ, ಕಾಲು ಸೋಪು ಹಾಕಿ ತೊಳಿಬೇಕು. ಎಂತಾದ್ರೂ ತೊಂದ್ರೆ ಇದ್ಯಾ?"

ಎಲ್ಲರೆದುರು ಏನು ಹೇಳಲಿ? ಇಲ್ಲ ಎಂದೆ. ಜ್ಯೋತಿ ಆಗಲೇ ಟೋಪಿ, ಮಾಸ್ಕು ಹಾಕಿಕೊಂಡಾಗಿತ್ತು. ಅವಳ ಮುಖ ಏನು ಹೇಳಿತೋ ಕಾಣಲಿಲ್ಲ.

ದಿನವಿಡೀ ಮಣೆಯ ಮೇಲೆ ಕೂತು ಕಾಲು ತೊಳೆದೆ. ಗುಡ್ಡ ಹತ್ತಿಳಿದ ಕಾಲುಗಳು, ಹಿಮ್ಮಡಿಯ ಬಿರುಕಿನಲ್ಲಿ ಮಣ್ಣು ಕಲ್ಲಾಗಿ ಕೂತಿರುತ್ತದೆ. ಜಂಗಮರ ಪಾದ ತೊಳೆಯುವುದು ನಮ್ಮಲ್ಲಿ ಪುಣ್ಯ. ಆದರೆ ಅದು ಹಬ್ಬದ ದಿನ, ಹಿತ್ತಾಳೆ ತಟ್ಟೆಯಲ್ಲಿ. ಇದು ಬೇರೆ.

ಸಂಜೆ ಅವ್ವ ಫೋನ್ ಮಾಡಿ, "ಏನ್ ಕೆಲಸ ಕೊಟ್ಟಾರೋ ನಿನಗ?" ಎಂದಳು.

"ವ್ಯವಸ್ಥಾ ಎಲ್ಲಾ ನಂದ ಐತಿ ಬೇ" ಎಂದೆ.

ಪಕ್ಕದಲ್ಲಿದ್ದ ಸಮೃದ್ಧಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

10 ಏಪ್ರಿಲ್, ಗುರುವಾರ

ಸೊಂಟ ಹಿಡಿದುಕೊಂಡಿದೆ. ಬರೆಯುವ ಮನಸ್ಸಿಲ್ಲ.

11 ಏಪ್ರಿಲ್, ಶುಕ್ರವಾರ

ಇವತ್ತು ಆಪರೇಷನ್ ಕೋಣೆಯ ಪಕ್ಕಕ್ಕೆ ನೀರಿನ ಕ್ಯಾನು ಒಯ್ದಾಗ ಕಿಟಕಿಯ ಗಾಜಿನಿಂದ ಒಳಗೆ ಕಂಡಿತು. ಒಂದು ನಿಮಿಷ ನೋಡಿ ಹೋಗೋಣ ಎಂದು ನಿಂತವನು ಕ್ಯಾನು ಕೆಳಗಿಟ್ಟೆ.

ಮೇಡಂ ಕಣ್ಣು ಎತ್ತುವುದಿಲ್ಲ, ಮಾತಾಡುವುದಿಲ್ಲ, ಅಂಗೈ ಚಾಚುತ್ತಾರೆ. ಬೇಕಾದ ಸಲಕರಣೆ ಆಗಲೇ ಅಲ್ಲಿರುತ್ತದೆ. ಕೊಡುವುದು ಜ್ಯೋತಿ. ಮಲಗಿದ್ದ ಮುದುಕ ನಡುಗತೊಡಗಿದ. ಇನ್ನೊಬ್ಬ ಸಿಸ್ಟರ್ ಅವನ ಎದೆಯ ಮೇಲೆ ಕೈಯಿಟ್ಟಳು, ಜ್ಯೋತಿ ತನ್ನ ಕೈ ನಿಲ್ಲಿಸದೆಯೇ ನಮ್ಮ ಮಾತಿನಲ್ಲೇ ಅವನಿಗೆ ಹೇಳಿದಳು: "ಆತು ಯಪ್ಪಾ, ಆತು. ಇನ್ನೊಂದೀಟ ತಡಿ." ಆ ನೇಪಾಳಿ ಮುದುಕನಿಗೆ ಏನು ತಿಳಿಯಿತೋ, ನಡುಕ ನಿಂತಿತು.

ಮದುವೆಯಾದಾಗಿನಿಂದ ಅವಳನ್ನು ಆಸ್ಪತ್ರೆಗೆ ಬಿಡುವುದು, ಕರೆತರುವುದು ನಾನೇ. ಒಳಗೆ ಅವಳು ಏನು ಮಾಡುತ್ತಾಳೆ ಎಂದು ಕೇಳಿದ್ದು ನೆನಪಿಲ್ಲ. ನರ್ಸ್ ಕೆಲಸ, ಮತ್ತೇನು ಅಂದುಕೊಂಡಿದ್ದೆ.

ಊಟಕ್ಕೆ ಕೂತಾಗ ಊರಿನ ಮಾಸ್ತರರು, ನಿಮ್ಮ ಸಿಸ್ಟರ್ ಕೈ ಬಹಳ ಚುರುಕು ಎಂದರು. "ಆಕಿ ನನ್ನ ಹೆಂಡತಿ" ಎಂದೆ. ಆಮೇಲೆ ಇನ್ನೂ ಇಬ್ಬರಿಗೆ ಹೇಳಿದೆ. ಅವರು ಕೇಳಿರಲಿಲ್ಲ.

12 ಏಪ್ರಿಲ್, ಶನಿವಾರ

ಮೊದಲ ದಿನದಿಂದ ಒಬ್ಬ ಮುದುಕಿ ನನ್ನ ತೊಟ್ಟಿಯ ಪಕ್ಕದಲ್ಲಿ ಬಂದು ಕೂರುತ್ತಿದ್ದಳು. ಸರದಿ ಬಂದಾಗ ಎದ್ದು ಹೋಗುತ್ತಿದ್ದಳು. ಹೆಸರು ಮನಕಲಾ. ಇಲ್ಲಿ ವಯಸ್ಸಾದವರನ್ನು ಆಮಾ ಅನ್ನುತ್ತಾರೆ, ಅಂದರೆ ತಾಯಿ. ಸಣ್ಣವಳಿದ್ದಾಗ ಎತ್ತಿನ ಕೊಂಬು ತಗುಲಿ ಬಲಗಣ್ಣು ಹೋಗಿದೆ. ಉಳಿದ ಎಡಗಣ್ಣಿಗೆ ಪೊರೆ. ಬೆಳಕು ಕತ್ತಲು ಬಿಟ್ಟರೆ ಏನೂ ಕಾಣದು. ಗಂಡನ ಜೊತೆ ಶಿಮ್ಲಾ ಕಡೆ ಸೇಬಿನ ತೋಟಗಳಲ್ಲಿ ದುಡಿದವಳು, ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ.

ಇವತ್ತು ನಾನೇ ಕೇಳಿದೆ, ಯಾಕೆ ದಿನಾ ಬಂದು ದಿನಾ ಹೋಗುತ್ತೀರಿ ಎಂದು.

"ಇರುವುದು ಒಂದೇ. ಅದೂ ಕೆಟ್ಟರೆ? ಈಗ ಬೆಳಕಾದರೂ ಗೊತ್ತಾಗುತ್ತದೆ" ಎಂದಳು.

"ಕೆಡುವುದಿಲ್ಲ ಆಮಾ. ಹೆದರಬೇಡಿ. ಒಳಗೆ ನನ್ನ ಹೆಂಡತಿ ಇದ್ದಾಳೆ" ಎಂದೆ.

"ಡಾಕ್ಟರಾ?"

"ಡಾಕ್ಟರಿಗೆ ಎಲ್ಲಾ ಕೊಡುವವಳು. ಅವಳ ಕೈ ನಾನು ನೋಡಿದ್ದೇನೆ."

ಮುದುಕಿ ಸ್ವಲ್ಪ ಹೊತ್ತು ನನ್ನ ದನಿ ಬಂದ ಕಡೆ ಮುಖ ಮಾಡಿ ಕೂತಳು. ಆಮೇಲೆ ಎರಡೂ ಕಾಲು ತೊಟ್ಟಿಯೊಳಗೆ ಇಟ್ಟಳು.

ಮೇಡಂ ಒಂದೇ ಕಣ್ಣು ಎಂದು ಬಹಳ ಯೋಚಿಸಿದರಂತೆ. ಕೆಳಗಿನ ಪಟ್ಟಣ ಸುರ್ಖೇತಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದರೆ ಈಕೆ ಸುತರಾಂ ಒಪ್ಪಲಿಲ್ಲ. ಕಡೆಗೆ ಮಾಡಿದರು. ಜ್ಯೋತಿ ಹೊರಗೆ ಬಂದವಳು, "ಛಲೋ ಆತು" ಎಂದಳು. ನನಗೆ ಗೊತ್ತೇ ಇತ್ತು.

13 ಏಪ್ರಿಲ್, ರವಿವಾರ

ಆಮಾಳ ಕಣ್ಣಿನ ಪಟ್ಟಿ ಬಿಚ್ಚಿದರು. ಕಾಣುತ್ತದೆ! ದೂರದ ಹಿಮದ ಗುಡ್ಡವನ್ನು ಬೆರಳು ಮಾಡಿ ತೋರಿಸಿದಳು. ನನ್ನನ್ನು ನೋಡಿ, "ಇಷ್ಟು ದಪ್ಪ ಮೀಸೆಯವನು ಅಂತ ದನಿಯಲ್ಲಿ ಗೊತ್ತಾಗಿರಲಿಲ್ಲ" ಎಂದಳು. ಮನೆ ಇಲ್ಲಿಂದ ಮೇಲೆ, ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಸೊಸೆ ಹಸಿ ಬಾಣಂತಿ. ಆದ್ದರಿಂದ ಇನ್ನೆರಡು ದಿನ ಶಾಲೆಯಲ್ಲೇ ಇರಿಸಿಕೊಂಡಿದ್ದಾರೆ.

ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ: ಈಕೆಯನ್ನು ಒಪ್ಪಿಸಿದವನು ನಾನು.

14 ಏಪ್ರಿಲ್, ಸೋಮವಾರ

ಇವರಿಗೆ ಇವತ್ತು ಹೊಸ ವರ್ಷ. ಮಧ್ಯಾಹ್ನ ಬಿರುಗಾಳಿ, ಆಲಿಕಲ್ಲು, ಜಡಿಮಳೆ. ತಾಡಪತ್ರಿ ಹಾರಿಹೋಯಿತು. ಮಳೆ ನಿಂತ ಮೇಲೆ ಊರ ಹುಡುಗರನ್ನು ಕಟ್ಟಿಕೊಂಡು ನಮ್ಮ ರೀತಿಯಲ್ಲಿ ಹೊಸದಾಗಿ ಬಿದಿರು ನೆಟ್ಟು ಕಟ್ಟಿದೆ. ಎಲ್ಲರೂ ಹೊಗಳಿದರು. ಕೆಳಗೆ ರಸ್ತೆಯ ಮೇಲೆ ಗುಡ್ಡ ಜಾರಿದೆಯಂತೆ.

15 ಏಪ್ರಿಲ್, ಮಂಗಳವಾರ. ಸುರ್ಖೇತ್

ಬೆಳಿಗ್ಗೆ ಜ್ಯೋತಿ ಎಂದಿನಂತೆ ಒಬ್ಬೊಬ್ಬರ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡುತ್ತ ಬಂದಳು. ಆಮಾಳ ಹತ್ತಿರ ನಿಂತವಳು ಮುಂದೆ ಹೋಗಲಿಲ್ಲ. ರೆಪ್ಪೆ ಊದಿತ್ತು. ರಾತ್ರಿಯಿಂದ ನೋವಂತೆ, ಹೇಳಿದರೆ ಬೈದಾರು ಎಂದು ಮುದುಕಿ ಹೇಳಿರಲಿಲ್ಲ. ಜ್ಯೋತಿ ಮೇಡಂ ಅವರನ್ನು ಕರೆದಳು. ಅವರೂ ನೋಡಿದರು.

"ಜ್ಯೋತಿ, ಒಳಗೆ ಕೀವು."

"ಹೌದ್ರಿ ಮೇಡಂ."

ಕಣ್ಣಿನೊಳಕ್ಕೇ ಒಂದು ಇಂಜೆಕ್ಷನ್ ಕೊಟ್ಟರು. ಆದರೆ ಅದಷ್ಟೇ ಸಾಲದು, ಇವತ್ತೇ ದೊಡ್ಡಾಸ್ಪತ್ರೆಗೆ ಮುಟ್ಟಿಸಬೇಕು, ತಡವಾದರೆ ಕಣ್ಣು ಹೋದಂತೆ ಎಂದರು. ಒಂದೇ ಕಣ್ಣು. ಮಾತು ಕೊಟ್ಟವನು ನಾನು.

ಸಲಕರಣೆಗಳನ್ನು ಕುದಿಸಿ ಶುದ್ಧ ಮಾಡುವ ಜವಾಬ್ದಾರಿ ಜ್ಯೋತಿಯದು. ಆದ್ದರಿಂದ ಯಾರ ಕಡೆ ಬೆರಳು ಹೋಗುತ್ತದೆ ಎಂದು ನನಗೆ ತಕ್ಷಣ ಹೊಳೆಯಿತು. ಅಂಗಳದಲ್ಲಿ ಆಗಲೇ ಗುಸುಗುಸು. ಬೀರಬಹಾದುರ್ ಎಂಬ ಎತ್ತರದ ಆಳು, ತನ್ನ ತಂದೆಯನ್ನು ಕರೆತಂದವನು, "ಭಾರತದವರು ಮುದುಕಿಯ ಕಣ್ಣು ತೆಗೆದರು" ಎಂದು ಗಟ್ಟಿಯಾಗಿ ಹೇಳಿದ. ನನ್ನ ಮೈ ಉರಿಯಿತು. ನಿನ್ನೆಯ ಗಾಳಿ, ಧೂಳು, ಮುದುಕಿ ಸೆರಗಿನಿಂದ ಒರೆಸಿಕೊಂಡಿದ್ದು, ಎಲ್ಲವನ್ನೂ ಹೇಳಿ ಅವನ ಬಾಯಿ ಮುಚ್ಚಿಸಬೇಕೆಂದು ಹೊರಟೆ. ಜ್ಯೋತಿ ತೋಳು ಹಿಡಿದಳು.

"ಸುಮ್ಮನಿರ್ರಿ."

"ನಿನ್ನ ಮ್ಯಾಲೆ ಹಾಕ್ತಾರಲ್ಲ!"

"ಹಾಕ್ಲಿ. ಯಾಕಾತು ಅಂತ ನನಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ನೀವ್ ಹೆಂಗ ಹೇಳ್ತೀರಿ?"

ಆಮೇಲೆ ಅವಳು ಮೇಡಂಗೆ ಹೇಳಿದಳು: "ಇವತ್ತು ಆಪರೇಷನ್ ಬ್ಯಾಡ್ರಿ. ಎಲ್ಲಾ ಸಾಮಾನು ಮತ್ತ ಮೊದಲಿಂದ ಶುದ್ಧ ಮಾಡಿ, ಆಗಿರೋರ ಕಣ್ಣು ಒಂದೊಂದೂ ನೋಡಿ, ಆಮ್ಯಾಲ ಶುರು ಮಾಡೂಣು." ಮೇಡಂ ಆಗಲೇ ತಲೆಯಾಡಿಸುತ್ತಿದ್ದರು. ಜ್ಯೋತಿ ಸಮೃದ್ಧಿಯನ್ನು ಕರೆದುಕೊಂಡು ಅಂಗಳಕ್ಕೆ ಹೋಗಿ, ಮಾಸ್ಕು ತೆಗೆದು, ಎಲ್ಲರೆದುರು ನಿಂತಳು. ಅವಳು ಹೇಳಿದ್ದನ್ನು ಸಮೃದ್ಧಿ ಹಿಂದಿಯಲ್ಲಿ, ಮಾಸ್ತರರು ನೇಪಾಳಿಯಲ್ಲಿ ಹೇಳಿದರು. ಒಬ್ಬ ತಾಯಿಯ ಕಣ್ಣು ಕೆಟ್ಟಿದೆ. ಕಾರಣ ಗೊತ್ತಿಲ್ಲ. ಸಾಮಾನು ಶುದ್ಧ ಮಾಡುವವಳು ನಾನು. ಮತ್ತೊಮ್ಮೆ ಎಲ್ಲ ಶುದ್ಧ ಮಾಡುವ ತನಕ ಯಾರ ಕಣ್ಣನ್ನೂ ಮುಟ್ಟುವುದಿಲ್ಲ. ಮನೆಗೆ ಹೋಗುವವರು ಹೋಗಬಹುದು.

ಕೆಲವರು ಎದ್ದು ಹೋದರು. ಸಮೃದ್ಧಿಯ ದನಿ ಒಂದು ಕಡೆ ನಡುಗಿತು, ಜ್ಯೋತಿಯದು ನಡುಗಲಿಲ್ಲ. ನಾನಾಗಿದ್ದರೆ ಗಾಳಿಯ ಮೇಲೆ ಹಾಕುತ್ತಿದ್ದೆ. ನಮ್ಮ ಧಂದೆಯಲ್ಲಿ ಹಾಗೇ.

ರಸ್ತೆ ಮುಚ್ಚಿತ್ತು. ಸುರ್ಖೇತಿನ ಆಂಬುಲೆನ್ಸ್ ಗುಡ್ಡ ಜಾರಿದ ಜಾಗದ ಆಚೆ ಬಂದು ನಿಲ್ಲಬಹುದು, ಈಚೆಯಿಂದ ಹೊತ್ತೇ ದಾಟಿಸಬೇಕು. ಮುದುಕಿಯನ್ನು ಅಲುಗಾಡಿಸುವ ಹಾಗಿಲ್ಲ. ನಿನ್ನೆಯಷ್ಟೇ ಕಟ್ಟಿದ್ದ ಚಪ್ಪರದ ಎರಡು ಬಿದಿರು ಕಿತ್ತೆ. ತಾಡಪತ್ರಿಯನ್ನು ಮಡಿಸಿ ಹಗ್ಗದಿಂದ ಬಿಗಿದೆ. ಡೋಲಿ ಆಯಿತು. ಹಿಂದೆ ನಾನು ಮತ್ತು ಸುಭಾಷ್. ಮುಂದೆ ಒಂದು ಕಡೆ ಮಾಸ್ತರರ ತಮ್ಮ. ಇನ್ನೊಂದು ಕಡೆ ಯಾರು ಎಂದು ನೋಡುವಷ್ಟರಲ್ಲಿ ಬೀರಬಹಾದುರ್ ಬಂದು ಹೆಗಲು ಕೊಟ್ಟ.

ಕಲ್ಲು, ಕೆಸರು, ಉರುಳಿದ ಮರಗಳು. ಎಡಗಡೆ ಕಣಿವೆ. ಜ್ಯೋತಿ ಡೋಲಿಯ ಪಕ್ಕದಲ್ಲೇ ನಡೆದಳು, ಒಂದು ಕೈ ಆಮಾಳ ಹಣೆಯ ಮೇಲೆ. "ಸಾವಕಾಶ್... ನಿಂದರ್ರಿ... ಎಡಕ್ಕ ಬ್ಯಾಡ... ಈಗ ಬರ್ರಿ." ಅವಳು ಹೇಳಿದಂತೆ ನಾವು ನಾಲ್ವರೂ ಕಾಲು ಇಟ್ಟೆವು. ಒಂದು ಕಡೆ ನನ್ನ ಕಾಲು ಜಾರಿ ಮೊಣಕಾಲು ಕಲ್ಲಿಗೆ ಬಡಿಯಿತು, ಹೆಗಲಿನ ಬಿದಿರು ಮಾತ್ರ ಅಲುಗಲಿಲ್ಲ. ಇದನ್ನು ಬರೆದಿಡಬೇಕು ಅನ್ನಿಸಿತು.

ಆಚೆ ಆಂಬುಲೆನ್ಸ್ ನಿಂತಿತ್ತು. ಜ್ಯೋತಿ ಹತ್ತುತ್ತಾಳೆ ಎಂದುಕೊಂಡೆ. ಅವಳು, "ನೀವು ಹೋಗ್ರಿ. ಅಲ್ಲಿ ಅಷ್ಟು ಮಂದಿ ಕಣ್ಣು ಐತಿ, ನಾ ಬಿಟ್ಟು ಬರೂ ಹಂಗಿಲ್ಲ" ಎಂದಳು.

"ನಾ ಹೋಗಿ ಏನ್ ಮಾಡ್ಲಿ? ನನಗೇನ್ ಬರತೈತಿ?"

"ಡ್ರಾಪ್ ಹಾಕೂದು. ಈಗ ಕಲಿಸ್ತೀನಿ. ಮ್ಯಾಲ ನೋಡ್ರಿ."

ಆಂಬುಲೆನ್ಸಿನ ಬಾಗಿಲಲ್ಲಿ ನನ್ನ ಕೈಗೆ ಸೋಪು ಹಾಕಿ ತೊಳೆಸಿದಳು. ಕೆಳರೆಪ್ಪೆ ಎಳೆದು ನನ್ನ ಕಣ್ಣಿಗೇ ಬರೀ ನೀರಿನಂಥ ಒಂದು ಹನಿ ಹಾಕಿ ತೋರಿಸಿದಳು. ನಾನು ಚಿಕ್ಕ ಹುಡುಗನ ಹಾಗೆ ಕಣ್ಣು ಮುಚ್ಚಿಬಿಟ್ಟೆ. "ಹಿಂಗ ಅವರೂ ಮುಚ್ಚತಾರ. ಸಿಟ್ಟು ಮಾಡಬ್ಯಾಡ್ರಿ" ಎಂದಳು. ಬಾಗಿಲು ಹಾಕುವ ಮುಂಚೆ ಸೆರಗಿನ ತುದಿಯಿಂದ ನನ್ನ ಮೊಣಕಾಲಿನ ರಕ್ತ ಒರೆಸಿದಳು. ಅವಳು ತಿರುಗಿ ಆ ಕಲ್ಲುಗಳ ಮೇಲೆ ಒಬ್ಬಳೇ ಮುಂದಾಗಿ ನಡೆದು ಹೋಗುವುದನ್ನು ಗಾಜಿನಿಂದ ನೋಡಿದೆ.

ಇಲ್ಲಿ ಬಂದ ಕೂಡಲೇ ಆಮಾಳನ್ನು ಒಳಗೆ ಒಯ್ದು ಇನ್ನೊಂದು ಆಪರೇಷನ್ ಮಾಡಿದರು. ನೋಂದಣಿಯ ಹುಡುಗಿ, ಇವರಿಗೆ ನೀವೇನಾಗಬೇಕು ಎಂದು ಕೇಳಿದಳು. ಮಗ ಎಂದೆ.

16 ಏಪ್ರಿಲ್, ಬುಧವಾರ

ಆಮಾ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ. ನನ್ನ ಜೊತೆ ಮಾತಿಲ್ಲ. ಹನಿ ಹಾಕಲು ಹೋದರೆ ಮುಖ ತಿರುಗಿಸುತ್ತಾಳೆ, ಹಾಕುತ್ತೇನೆ, ಮತ್ತೆ ಗೋಡೆ. ಅನ್ನ ಕಲಸಿ ಕೊಟ್ಟರೆ ಎರಡು ತುತ್ತು.

ಡಾಕ್ಟರ್ ಇನ್ನೂ ಏನೂ ಹೇಳಲಾಗದು ಅನ್ನುತ್ತಾರೆ.

17 ಏಪ್ರಿಲ್, ಗುರುವಾರ

ಬೆಳಿಗ್ಗೆ ಹನಿ ಹಾಕುವಾಗ ಆಮಾ ಮೊದಲ ಸಲ ಮಾತಾಡಿದಳು.

"ನಿನ್ನ ಹೆಂಡತಿಗೆ ಹೆದರಿಕೆಯಾಗಿದೆಯಾ?"

ಇಲ್ಲ, ಅವಳು ಗಟ್ಟಿಗಿತ್ತಿ ಎಂಬ ಮಾತು ಬಾಯಿಗೆ ಬಂತು. ಆದರೆ ಈ ಮುದುಕಿಗೆ ಒಮ್ಮೆ ಅವಳ ಪರವಾಗಿ ನಾನೇ ಮಾತು ಕೊಟ್ಟಾಗಿತ್ತು. ಈ ಸಲ ಅವಳನ್ನೇ ಕೇಳೋಣ ಎಂದು ಫೋನ್ ಹಚ್ಚಿದೆ.

ಜ್ಯೋತಿ ಎಂದಳು: "ಆಗೇತಿ ಅಂತ ಹೇಳ್ರಿ. ಭಾಳ ಹೆದರಿಕಿ ಆಗೇತಿ. ಎರಡ ದಿನ ಆತು ಅನ್ನ ಸೇರವಲ್ದು."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆಮಾ ಗೋಡೆಯ ಕಡೆಯಿಂದ ನನ್ನ ಕಡೆ ಹೊರಳಿದಳು.

"ಸರಿ. ಹೆದರಿಕೆ ಇಲ್ಲದವರ ಕೈಗೆ ನಾನು ನನ್ನ ಎಮ್ಮೆಯನ್ನೂ ಕೊಡುವುದಿಲ್ಲ" ಎಂದಳು. ಮಧ್ಯಾಹ್ನ ತಟ್ಟೆ ಖಾಲಿ ಮಾಡಿದಳು. ಅದನ್ನೂ ಫೋನ್ ಮಾಡಿ ಹೇಳಿದೆ.

18 ಏಪ್ರಿಲ್, ಶುಕ್ರವಾರ

ಊತ ಇಳಿಯುತ್ತಿದೆ. ಆಮಾಳ ಎರಡು ಬಟ್ಟೆ ಒಗೆದು ಹಾಕಿದೆ, ತಲೆ ಬಾಚಿಕೊಟ್ಟೆ. ಪಕ್ಕದ ಹಾಸಿಗೆಯ ಹುಡುಗಿಗೂ ಯಾರೂ ಇಲ್ಲ, ಅವಳಿಗೂ ಹನಿ ಹಾಕುತ್ತೇನೆ. ಕಣ್ಣು ಮುಚ್ಚಿದರೆ ಕಾಯಬೇಕು, ತಾನಾಗಿಯೇ ತೆರೆಯುತ್ತಾರೆ.

ಅವ್ವನ ಫೋನ್ ಬಂದಿತ್ತು. ಏನು ಮಾಡುತ್ತಿದ್ದೀಯ ಎಂದಳು. "ಇಲ್ಲೊಬ್ಬಾಕಿ ಆಮಾ ಅದಾಳ ಬೇ, ಕಣ್ಣಿಗೆ ಔಷಧ ಹಾಕ್ತೀನಿ, ಬಟ್ಟಿ ಒಗದ ಕೊಡ್ತೀನಿ" ಎಂದೆ. ಬಟ್ಟೆಯನ್ನೂ ನೀನೇ ಒಗೆಯುತ್ತೀಯೇನು ಎಂದು ಅವ್ವ ಇನ್ನೊಮ್ಮೆ ಕೇಳಿದಳು. ಆಮೇಲೆ, "ಆಕಿಗೆ ನನ್ನ ಶರಣು ಹೇಳು" ಎಂದಳು.

19 ಏಪ್ರಿಲ್, ಶನಿವಾರ

ಸಮೃದ್ಧಿ ಫೋನಿನಲ್ಲಿ ಒಂದೇ ಉಸಿರಿಗೆ ಹೇಳಿದ್ದು: ಆಪರೇಷನ್ ಆದವರನ್ನೆಲ್ಲ ಮತ್ತೆ ಪರೀಕ್ಷಿಸಿದರು, ಬೇರೆ ಯಾರಿಗೂ ತೊಂದರೆಯಾಗಿಲ್ಲ. ಕುದಿಸುವ ಯಂತ್ರದಲ್ಲೂ ದೋಷ ಕಾಣಲಿಲ್ಲ. ಆಮಾಗೆ ಯಾಕಾಯಿತು ಎಂಬುದು ಮೇಡಂಗೂ ತಿಳಿದಿಲ್ಲ, ತಿಳಿಯದೆಯೂ ಉಳಿಯಬಹುದಂತೆ. ಗುರುವಾರ ಶಿಬಿರ ಮತ್ತೆ ಶುರುವಾಯಿತು. ಮೊದಲು ಯಾರು ಬಂದಾರು ಎಂದು ಇವರೆಲ್ಲ ಬಾಗಿಲಲ್ಲಿ ನಿಂತಿದ್ದರೆ, ಬೀರಬಹಾದುರ್ ತನ್ನ ತಂದೆಯನ್ನು ಬೆನ್ನ ಮೇಲೆ ಹೊತ್ತುಕೊಂಡು ಬಂದನಂತೆ. ಎದ್ದು ಹೋದವರೂ ಬಂದರು, ಜೊತೆಗೆ ಹೊಸಬರನ್ನೂ ಕರೆತಂದರು. ತಪ್ಪಾದರೆ ತಪ್ಪಾಯಿತು ಅಂತ ಹೇಳುವವರ ಹತ್ತಿರ ಹೋಗಬಹುದು ಎಂದು ಊರಿನಲ್ಲಿ ಮಾತಾಡಿಕೊಂಡರಂತೆ.

"ಕಾಲು ಯಾರು ತೊಳೀತಾರ?" ಎಂದು ಕೇಳಿದೆ.

"ನಾನು. ಮತ್ತ ಸುಭಾಷಣ್ಣ. ನಿಮ್ಮಷ್ಟ ಛಲೋ ಬರೂದಿಲ್ಲ ನಮಗ."

"ಹಿಮ್ಮಡಿ ಮೊದಲು ನೆನಸಬೇಕು. ಒಮ್ಮೆಲೆ ತಿಕ್ಕಿದ್ರ ನೋವಾಗತೈತಿ" ಎಂದೆ.

ಜ್ಯೋತಿ ಫೋನ್ ತೆಗೆದುಕೊಂಡು, ಶಿಬಿರವನ್ನು ಎರಡು ದಿನ ಮುಂದುವರಿಸುವುದಕ್ಕೆ ತಾನು ಮೇಡಂಗೆ ಹೂಂ ಎಂದಿದ್ದೇನೆ ಎಂದಳು. ಸರಿ ಎಂದೆ.

21 ಏಪ್ರಿಲ್, ಸೋಮವಾರ. ಮತ್ತೆ ಶಾಲೆಯಲ್ಲಿ

ರಸ್ತೆ ಬಿಟ್ಟಿದೆ. ಆಮಾಳನ್ನು ಜೀಪಿನಲ್ಲಿ ಕರೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಮೇಲೆ ಬಂದೆ. ಶಿಬಿರ ಮುಗಿದಿತ್ತು. ಬೆಂಚುಗಳನ್ನು ತರಗತಿಗಳಿಗೆ ಹೊತ್ತು ಹಾಕುತ್ತಿದ್ದರು.

ಜ್ಯೋತಿ ಕೈ ತೊಳೆದು ಬಂದು ಆಮಾಳನ್ನು ಕೂರಿಸಿ, ಬ್ಯಾಟರಿ ಬಿಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು. ಅವಳು ಸೊರಗಿದ್ದಾಳೆ, ಕಣ್ಣ ಕೆಳಗೆ ಕಪ್ಪಾಗಿದೆ. ನಾನು ಬಾಗಿಲಲ್ಲೇ ನಿಂತಿದ್ದೆ.

"ಡ್ರಾಪ್ ಯಾರ್ ಹಾಕಿದ್ದು? ನೀವೊಬ್ರೇನಾ?"

"ನಾನ."

"ಒಂದೂ ಹೊತ್ತು ತಪ್ಪಿಸಿಲ್ಲ. ರೆಪ್ಪಿ ಅಂಚು ಸೈತ ಸ್ವಚ್ಛ ಐತಿ. ಛಲೋ ಮಾಡೀರಿ."

ಆಸ್ಪತ್ರೆಯಲ್ಲಿ ತನ್ನ ಕೈಕೆಳಗಿನ ಹುಡುಗಿಯರಿಗೆ ಹೇಳುವ ದನಿಯಲ್ಲೇ ಹೇಳಿದಳು. ಹೆಂಡತಿಯಾಗಿ ಹೇಳಿದ್ದರೆ ಇಷ್ಟು ಹಿತವಾಗುತ್ತಿತ್ತೋ ಇಲ್ಲವೋ.

ಕಣ್ಣು ಉಳಿದಿದೆ. ಪೂರ್ತಿ ಅಲ್ಲ. ಕೋಣೆಯ ಆಚೆ ಬದಿಯ ಬೆರಳು ಎಣಿಸುತ್ತಾಳೆ, ಮುಖ ಗುರುತಿಸುತ್ತಾಳೆ, ಅದಕ್ಕೂ ದೂರದ್ದು ಮಂಜು. ಜ್ಯೋತಿ ಮುಚ್ಚುಮರೆ ಮಾಡಲಿಲ್ಲ. ಆಮಾಳ ಎರಡೂ ಕೈ ಹಿಡಿದುಕೊಂಡು, ಮೊದಲ ದಿನ ಕಂಡಷ್ಟು ಇನ್ನು ಕಾಣುವುದಿಲ್ಲ ಎಂದು ಸಮೃದ್ಧಿಯ ಬಾಯಿಂದ ಹೇಳಿಸಿದಳು. ಅಷ್ಟರಲ್ಲಿ ಅವಳ ಕಣ್ಣೇ ತುಂಬಿತು. ಇಷ್ಟು ದಿನದಲ್ಲಿ ಅವಳು ಅತ್ತದ್ದು ಅದೊಂದೇ ಸಲ.

ಆಮಾ ಅವಳ ಗಲ್ಲ ಹಿಡಿದು ಹತ್ತಿರಕ್ಕೆ ಎಳೆದು, ಮುಖವನ್ನು ಸರಿಯಾಗಿ ನೋಡಿದಳು. "ಹಿಮದ ಗುಡ್ಡ ಕಾಣುವುದಿಲ್ಲ, ಅಷ್ಟೇ ತಾನೆ? ಅಲ್ಲಿಗೇನು ನಾನು ಎಮ್ಮೆ ಮೇಯಿಸಲು ಹೋಗುತ್ತೇನಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವಳೇ ಏನು ಒಳಗಿದ್ದವಳು?" ಎಂದು ಕೇಳಿದಳು.

ಹೌದು ಎಂದೆ.

ಸಂಜೆಗೆ ಮುಂಚೆ ಆಮಾಳನ್ನು ಮನೆಯ ದಾರಿಗೆ ಬಿಡಲು ನಾನೂ ಜ್ಯೋತಿಯೂ ಹೋದೆವು. ಶಾಲೆಯ ಹಿಂದಿನಿಂದ ಗುಡ್ಡಕ್ಕೆ ಕಲ್ಲಿನ ಮೆಟ್ಟಿಲುಗಳು. ಮೇಲೆ ತಿರುವಿನಲ್ಲಿ ಅವಳ ಸೊಸೆ ಕೂಸನ್ನು ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ನಿಂತಿದ್ದಳು. ನಾನು ಎಂದಿನಂತೆ ಆಮಾಳ ಕೈ ಹಿಡಿದುಕೊಂಡಿದ್ದೆ. ಆಸ್ಪತ್ರೆಯಲ್ಲಿ ಬಚ್ಚಲಿಗೆ, ಬಾಗಿಲಿಗೆ, ಜೀಪಿಗೆ, ಎಲ್ಲ ಕಡೆ ಹಾಗೇ ನಡೆಸಿದ್ದೆ. ಮೊದಲ ಮೆಟ್ಟಿಲ ಹತ್ತಿರ ಬಂದಾಗ ಅವಳು ನಿಂತಳು. ಮೆಟ್ಟಿಲನ್ನು ನೋಡಿದಳು. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಕೈಯನ್ನು ಮೆಲ್ಲಗೆ ಆಚೆ ತಳ್ಳಿದಳು.

"ಬಿಡು. ಕಾಣುತ್ತದೆ."

ಒಂದು ಮೆಟ್ಟಿಲನ್ನು ಕಾಲಿನಿಂದ ತಡವಿ ನೋಡಿದಳು. ಎರಡನೆಯದನ್ನೂ ತಡವಿದಳು. ಆಮೇಲೆ ತಡವಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಒಂದೊಂದೇ ಹತ್ತಿದಳು, ಅಗಲವಾದ ಕಲ್ಲು ಬಂದಲ್ಲಿ ಹೆಜ್ಜೆ ಅಗಲ ಮಾಡಿದಳು, ಒಡೆದ ಕಲ್ಲು ಬಂದಲ್ಲಿ ಬದಿಗೆ ಸರಿದಳು. ತಿರುವಿನಲ್ಲಿ ಸೊಸೆಯ ಎದುರು ನಿಂತು, ಹೊದಿಕೆಯ ಅಂಚು ಸರಿಸಿ, ಮುಖವನ್ನು ಪೂರ್ತಿ ಒಳಗೆ ಬಗ್ಗಿಸಿದಳು. ಎಷ್ಟು ಹೊತ್ತು ಹಾಗೇ ಇದ್ದಳೆಂದರೆ ಸೊಸೆ ನಗತೊಡಗಿದ್ದು ನಮಗೆ ಕೆಳಗೂ ಕೇಳಿಸಿತು. ಆಮೇಲೆ ಮೂವರೂ ಗುಡ್ಡದ ಮರೆಗೆ ಹೋದರು. ಮುದುಕಿ ತಿರುಗಿ ಕೈ ಬೀಸಲಿಲ್ಲ. ಕೂಸನ್ನು ನೋಡುವುದರಲ್ಲಿ ಮರೆತಿರಬೇಕು.

ನಾನು ನಿಂತೇ ಇದ್ದೆ. ಜ್ಯೋತಿ ನನ್ನನ್ನು ನೋಡಿ, ಬಹಳ ದಿನಗಳ ಮೇಲೆ ನಕ್ಕಳು.

"ಅವರು ಹೋಗಿ ಆತು. ಇನ್ನ ಆ ಕೈ ಕೆಳಗ ಇಳಸ್ರಿ."

ನೋಡಿದರೆ, ಅದು ಇನ್ನೂ ಮುಂದೆ ಚಾಚಿಯೇ ಇತ್ತು.